ಇಂಗ್ಲೆಂಡಿನಲ್ಲಿ ಜಿಪಿ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಏನಾದರೂ ಮಾಡಬಹುದಾ?

ಮಾಡಬಹುದು, ಆದರೆ ನೀವು ಅಂದುಕೊಂಡ ಹಾಗಲ್ಲ. ನಾಳೆಗೇ ಅಪಾಯಿಂಟ್‌ಮೆಂಟ್ ಕೊಡಿಸೋದು ಕೌನ್ಸಿಲರ್ ಕೈಯಲ್ಲಿಲ್ಲ.

ಜಿಪಿ ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ್. ಹೆಚ್ಚಿನವರು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಗುತ್ತಿಗೆ ಮೇಲೆ ಕ್ಲಿನಿಕ್ ನಡೆಸುತ್ತಾರೆ, ಆ ಗುತ್ತಿಗೆ ನೋಡಿಕೊಳ್ಳುವುದು ಆಯಾ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡ್. ಕೌನ್ಸಿಲಿನ ಹೆಲ್ತ್ ಸ್ಕ್ರೂಟಿನಿ ಕಮಿಟಿಗೆ, ಅಂದರೆ ಆರೋಗ್ಯ ಸೇವೆಗಳ ಮೇಲೆ ಕಣ್ಣಿಡುವ ಸಮಿತಿಗೆ, ಇರುವುದು ಪ್ರಶ್ನೆ ಕೇಳುವ ಅಧಿಕಾರ. ಬೋರ್ಡಿನವರನ್ನು ಕರೆಸಿ, ಬೆಳಿಗ್ಗೆ 8ಕ್ಕೆ ಸರಿಯಾಗಿ ಫೋನ್ ಮಾಡಿದರೂ 'ನೀವು ಕ್ಯೂನಲ್ಲಿ 30ನೆಯವರು' ಅಂತ ಯಾಕೆ ಬರುತ್ತೆ, ಸಾವಿರ ಮನೆ ಎದ್ದ ಹೊಸ ಬಡಾವಣೆಗೆ ಡಾಕ್ಟರ್ ಎಲ್ಲಿ ಅಂತ ಎಲ್ಲರ ಮುಂದೆ ಕೇಳಬಹುದು, ಅಂಕಿಅಂಶ ತರಿಸಿಕೊಳ್ಳಬಹುದು. ಶಿಫಾರಸು ಕಳಿಸಿ ಉತ್ತರ ಕೇಳಿದರೆ ಬೋರ್ಡು 28 ದಿನದೊಳಗೆ ಬರೆದು ಕೊಡಬೇಕು. ಆದರೆ ಒಪ್ಪಲೇಬೇಕು ಅಂತೇನಿಲ್ಲ, ತೊಡಕು ಇರೋದೇ ಅಲ್ಲಿ! ಮೊದಲು ಆರೋಗ್ಯ ಸೇವೆಯಲ್ಲಿನ ದೊಡ್ಡ ಬದಲಾವಣೆಗಳ ತಕರಾರನ್ನು ಕಮಿಟಿಗೆ ಆರೋಗ್ಯ ಸಚಿವರವರೆಗೆ ಒಯ್ಯುವ ಹಕ್ಕಿತ್ತು; 2024ರ ಜನವರಿ 31ರಿಂದ ಅದೂ ಹೋಯಿತು, ಈಗ ಸಚಿವರು ಮಧ್ಯೆ ಬರಲಿ ಅಂತ ಬರೀ ಮನವಿ ಮಾಡಬಹುದು.

ನಿಮ್ಮ ಒಂದು ಕ್ಲಿನಿಕ್ಕಿನ ದೂರಾದರೆ ಮೊದಲು ಅಲ್ಲಿನ ಮ್ಯಾನೇಜರ್‌ಗೆ ಅಥವಾ ಬೋರ್ಡಿಗೆ ಬರೆಯಿರಿ. ಇಡೀ ಊರಿನ ಗೋಳಾದರೆ ಮಾತ್ರ ಕಮಿಟಿ. ಸುಮ್ನೆ 'ಸಿಗಲ್ಲ' ಅನ್ನಬೇಡಿ, ಯಾವ ದಿನ ಎಷ್ಟು ನಿಮಿಷ ಕಾದಿರಿ ಅಂತ ಬರೆದಿಟ್ಟು ಕೌನ್ಸಿಲರ್‌ಗೆ ಕೊಡಿ.