ಬ್ರೆಸ್ಟ್ ರಿಡಕ್ಷನ್ (ಸ್ತನದ ಗಾತ್ರ ಕಡಿಮೆ ಮಾಡುವ) ಆಪರೇಷನ್‌ಗೆ ಮುಂಚೆ ತೂಕ ಇಳಿಸಲೇಬೇಕಾ? ಆಮೇಲೆ ಮತ್ತೆ ದೊಡ್ಡದಾಗುತ್ತಾ?

"78 ಕೆಜಿ ಇದ್ದೀನಿ, 60ಕ್ಕೆ ಇಳಿದ ಮೇಲೆ ಮಾಡಿಸಲಾ" ಅಂತ ಕೇಳಿದ್ದೀರಿ. ನಾನೂ ಹೀಗೇ ಯೋಚಿಸಿದ್ದೆ.

ನನಗಾಗ 31 ವರ್ಷ, 82 ಕೆಜಿ. ಬ್ರಾ ಪಟ್ಟಿ ಒತ್ತಿ ಒತ್ತಿ ಎರಡೂ ಭುಜದಲ್ಲಿ ಹಳ್ಳ ಬಿದ್ದಿತ್ತು, ಕಿರುಬೆರಳು ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಬೇಸಿಗೆ ಬಂತೆಂದರೆ ಎದೆ ಕೆಳಗೆ ಬೆವರಿ ಕೆಂಪಗಾಗಿ ಉರಿ. ಕತ್ತಿಗೆ ಮುಲಾಮು ಹಚ್ಚದೆ ಮಲಗಿದ ದಿನವೇ ಇಲ್ಲ.

ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗುವ ಮುಂಚೆ ಹತ್ತು ವಾರ ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಎರಡು ಸೌತೆಕಾಯಿ, ಇಷ್ಟರಲ್ಲೇ ಇದ್ದು 71ಕ್ಕೆ ಬಂದೆ. ಡಾಕ್ಟರ್ ಕೇಳಿದರು: "ಆರು ತಿಂಗಳಿಂದ ತೂಕ ಇಷ್ಟೇ ಇದೆಯೇನಮ್ಮಾ?" ನಾನು "ಹೂಂ" ಅಂದೆ.

ಆ ಒಂದು "ಹೂಂ" ನನ್ನ ತಪ್ಪು. ರಜೆ ಮಂಜೂರಾಗಿತ್ತು, ಅಮ್ಮ ಊರಿಂದ ಬಂದಿದ್ದರು, ಇನ್ನೂ ಕಾಯಿರಿ ಅಂದುಬಿಟ್ಟರೆ ಅನ್ನುವ ಭಯ. ಆದರೆ ಅವರು ಸುಮ್ನೆ ಕೇಳಿರಲಿಲ್ಲ. ಸ್ತನದಲ್ಲಿ ಹಾಲಿನ ಗ್ರಂಥಿಯ ಜೊತೆ ಕೊಬ್ಬೂ ಇರುತ್ತದೆ. ಒಳಗೆ ಉಳಿದ ಕೊಬ್ಬು ನಾವು ದಪ್ಪ ಆದಾಗ ತಾನೂ ಹಿಗ್ಗುತ್ತದೆ. ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಅಂತ ಅವರು ಲೆಕ್ಕ ಹಾಕಿದ್ದು 71 ಕೆಜಿಯ ಮೈ ನೋಡಿ. ಅದು ಹತ್ತು ವಾರದ ಉಪವಾಸದ ಮೈ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಎರಡೂ ಕಡೆ ಸೇರಿ 1,300 ಗ್ರಾಂ ತೆಗೆದರು. ಆಪರೇಷನ್‌ನಿಂದ ಇಳಿದ ತೂಕ ಅಷ್ಟೇ. ಊಟ ಮೊದಲಿನಂತಾಯಿತು, ಎರಡು ವರ್ಷದಲ್ಲಿ 84 ಆದೆ. ಆಪರೇಷನ್ ನಂತರ ಆಸೆಪಟ್ಟು ಹೊಲಿಸಿದ ಹಸಿರು ರವಿಕೆಯ ಒಳಹೊಲಿಗೆಯನ್ನು ಟೈಲರ್ ಒಂದೊಂದೇ ಸಾಲು ಬಿಚ್ಚುತ್ತಾ ಬಂದರು. ಮೂರನೇ ಸಾಲು ಬಿಚ್ಚಿದ ದಿನ ಅಂಗಡಿಯಲ್ಲೇ ಅತ್ತುಬಿಟ್ಟೆ.

ಅದಕ್ಕೇ, 60 ಅನ್ನುವ ಲೆಕ್ಕ ಬಿಟ್ಟುಬಿಡಿ. ದಿನಾ ಮನೆ ಊಟ ಮಾಡಿಕೊಂಡು ಆರು ತಿಂಗಳು 74ರಲ್ಲಿ ನಿಂತಿರಾ, 74ರಲ್ಲೇ ಮಾಡಿಸಿ. ಆಮೇಲೆ ತುಂಬ ಇಳಿಸಿದರೂ ಕಷ್ಟವೇ, ಜೋತುಬೀಳುತ್ತದೆ. ತೂಕ ತೀರಾ ಜಾಸ್ತಿ ಇದ್ದರೆ ಗಾಯ ಮಾಯುವುದು ನಿಧಾನ ಆಗಬಹುದು, ಅದನ್ನು ನಿಮ್ಮ ಡಾಕ್ಟರೇ ನೋಡಿ ಹೇಳಲಿ. ಸಿಗರೇಟ್ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಮುಂದೆ ಮಕ್ಕಳು ಬೇಕು ಅಂತಿದ್ದರೆ ಹಾಲೂಡಿಸುವ ವಿಷಯ ಈಗಲೇ ಕೇಳಿ, ಕೆಲವರಿಗೆ ಹಾಲು ಕಡಿಮೆಯಾಗುತ್ತದೆ.

ಮಾಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಇಷ್ಟು ದಪ್ಪ ಆದರೂ ಕತ್ತುನೋವು ಮೊದಲಿನ ಹಾಗೆ ವಾಪಸ್ ಬಂದಿಲ್ಲ. ಭುಜದ ಹಳ್ಳದಲ್ಲಿ ಈಗ ಕಿರುಬೆರಳು ಕೂರುವುದಿಲ್ಲ.