ಕಣ್ಣಿನ ಒತ್ತಡ ಸರಿಯಿದ್ದರೂ ಗ್ಲಾಕೋಮಾ ಶಂಕೆ ಏಕೆ?

ಹಿರಿಯೂರಿನ ಶಿಬಿರದಲ್ಲಿ ನಿಮ್ಮ ತಾಯಿಯವರ ಕಣ್ಣಿನ ಒಳಭಾಗದ ಫೋಟೊ ತೆಗೆದು ‘ಗ್ಲಾಕೋಮಾ ಶಂಕೆ’, ಅಂದರೆ ದೃಷ್ಟಿನರ ಸವೆದು ನೋಟ ಕುಂದುವ ರೋಗದ ಶಂಕೆ, ಎಂದು ಬರೆದುಕೊಟ್ಟಿದ್ದಾರೆ. ಒತ್ತಡ 16 ಇದೆ, ದಿನಪತ್ರಿಕೆ ಓದುತ್ತಾರೆ, ಹಾಗಿದ್ದ ಮೇಲೆ ಆಸ್ಪತ್ರೆಗೆ ಅಲೆಯುವುದೇಕೆ ಎಂದು ಕೇಳಿದ್ದೀರಿ. ದಯವಿಟ್ಟು ಕರೆದುಕೊಂಡು ಹೋಗಿ. ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಇಂಥ ಫೋಟೊ, ಸ್ಕ್ಯಾನ್ ತೆಗೆಯುವುದೇ ನನ್ನ ಕೆಲಸ. ರೋಗ ಹೌದೋ ಅಲ್ಲವೋ ಎಂದು ವೈದ್ಯರೇ ಹೇಳಬೇಕು. ಫೋಟೊದಲ್ಲಿ ಏನು ಕಂಡು ಹಾಗೆ ಬರೆದಿರಬಹುದು ಎಂಬುದನ್ನು ನಾನು ಹೇಳಬಲ್ಲೆ.

ದೃಷ್ಟಿನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿರುತ್ತವೆ. ಅವೆಲ್ಲ ಒಟ್ಟುಗೂಡಿ ಕಣ್ಣಿನಿಂದ ಹೊರಹೋಗುವ ಜಾಗ ಫೋಟೊದಲ್ಲಿ ತಿಳಿ ಕಿತ್ತಳೆ ಬಿಲ್ಲೆಯಂತೆ ಕಾಣುತ್ತದೆ. ನಡುವೆ ಬಿಳಿಚಿದ ಗುಳಿ. ಎಳೆಗಳು ಸಾಯುತ್ತ ಹೋದಂತೆ ಬಿಲ್ಲೆಯ ಅಂಚು ತೆಳುವಾಗಿ ಗುಳಿ ಹಿಗ್ಗುತ್ತದೆ. ಗುಳಿಯ ಅಳತೆ ಬಿಲ್ಲೆಯ 0.6ನ್ನು ದಾಟಿದ್ದರೆ, ಅಥವಾ ಎರಡೂ ಕಣ್ಣುಗಳ ನಡುವೆ ಈ ಅಳತೆಯಲ್ಲಿ 0.2ರಷ್ಟು ವ್ಯತ್ಯಾಸವಿದ್ದರೆ ಶಂಕೆ ಹುಟ್ಟುತ್ತದೆ. ಹುಟ್ಟಿನಿಂದಲೇ ದೊಡ್ಡ ಗುಳಿ ಇರುವ ಆರೋಗ್ಯವಂತರೂ ಇದ್ದಾರೆ. ಹಾಗಾಗಿ ಈಗಲೇ ಗಾಬರಿಪಡಬೇಡಿ.

ಆದರೆ ಒತ್ತಡದ ಅಂಕಿಯನ್ನು ನಂಬಿ ಕೂರಬೇಡಿ. ಒತ್ತಡ ಸಾಮಾನ್ಯವೆನ್ನುವ 10ರಿಂದ 21ರ ಮಿತಿಯೊಳಗೇ ಇದ್ದು ನರ ಸವೆಯುವವರು ಬಹಳ ಮಂದಿ. ಮೇಲಾಗಿ ಆ ಅಂಕಿ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಓದು ಚೆನ್ನಾಗಿದೆ ಎಂಬುದೂ ಭರವಸೆಯಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಬದಿಯ ನೋಟ, ಅದನ್ನೂ ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಎದುರಿಗಿದ್ದದ್ದಷ್ಟೇ ಕಾಣುವ ಹಂತಕ್ಕೆ ಬಂದಮೇಲೆ ನಮ್ಮಲ್ಲಿಗೆ ಬರುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಳೆದುಹೋದ ದೃಷ್ಟಿಯನ್ನು ಯಾವ ಔಷಧಿಯೂ ಮರಳಿಸುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಅಷ್ಟೇ.

ಮುಂದಿನ ಹೆಜ್ಜೆ ಬಹುಶಃ ಓಸಿಟಿ ಸ್ಕ್ಯಾನ್. 1991ರಲ್ಲಿ ಜಗತ್ತಿಗೆ ಪರಿಚಯವಾದ ಈ ವಿಧಾನ ಬೆಳಕಿನಿಂದಲೇ ನರಪದರದ ದಪ್ಪವನ್ನು ಅಳೆಯುತ್ತದೆ, ಸೂಜಿಯಿಲ್ಲ, ನೋವಿಲ್ಲ. ಆರೋಗ್ಯವಂತರಲ್ಲಿ ಸರಾಸರಿ 90ರಿಂದ 100 ಮೈಕ್ರಾನ್ ಆಸುಪಾಸು. ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ; ಕೆಂಪು ಎಂದರೆ ಪದರ ತೀರಾ ತೆಳು ಎಂದು. ಕೆಂಪು ಕಂಡಕೂಡಲೇ ಜನ ಅಳುವುದನ್ನು ನೋಡಿದ್ದೇನೆ. ಆದರೆ ಹೆಚ್ಚು ಮೈನಸ್ ಪವರ್ ಇರುವ ಕಣ್ಣಿಗೆ ರೋಗವಿಲ್ಲದೆಯೂ ಕೆಂಪು ಬರಬಹುದು. ಪೊರೆ ಬಂದಿದ್ದರೆ ಬೆಳಕು ಸರಿಯಾಗಿ ಒಳಹೋಗದೆ ಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಆದ್ದರಿಂದ ಸ್ಕ್ಯಾನ್‌ನ ಗುಣಮಟ್ಟ ಎಷ್ಟು ಬಂದಿದೆ ಎಂದು ಸಂಕೋಚವಿಲ್ಲದೆ ಕೇಳಿ.

ಬದಿಯ ನೋಟ ಎಷ್ಟು ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಮತ್ತು ಕಣ್ಣಿನೊಳಗಿನ ನೀರು ಹೊರಹೋಗುವ ಕೋನದ ಪರೀಕ್ಷೆಯನ್ನು ಬಿಡಬೇಡಿ. ಆ ಕೋನ ಮುಚ್ಚಿದೆಯೇ ಎಂಬುದು ಶಿಬಿರದಲ್ಲಿ ತೆಗೆದಂಥ ಫೋಟೊದಲ್ಲಿ ಕಾಣುವುದಿಲ್ಲ.

ಶಿಬಿರದ ಫೋಟೊವನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ವರ್ಷದ ನಂತರ ಗುಳಿ ಹಿಗ್ಗಿದೆಯೇ ಎಂದು ತಿಳಿಯಲು ಹೋಲಿಸುವುದಕ್ಕೆ ಹಳೆಯದೊಂದು ಬೇಕು. ಓಸಿಟಿಯನ್ನು ಮಾತ್ರ ಪ್ರತಿ ಸಲವೂ ಅದೇ ಯಂತ್ರದಲ್ಲಿ ಮಾಡಿಸಿ, ಬೇರೆ ಕಂಪನಿಯ ಯಂತ್ರದ ಅಳತೆ ತಾಳೆಯಾಗುವುದಿಲ್ಲ. ತಾಯಿಯವರಿಗೆ ರೋಗ ಖಚಿತವಾದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ನೀವು ಕೂಡ ಕಣ್ಣು ತೋರಿಸಿಕೊಳ್ಳಬೇಕು.