ಸೀತಾಳೆ ದಂಡೆಯ ಎಲೆ ಸುಕ್ಕಾಗುತ್ತಿದೆ, ಮಣ್ಣು ಬದಲಿಸಬೇಕಾ?

ಸೀತಾಳೆ ಅನ್ನುವ ಆರ್ಕಿಡ್ ಗಿಡದ ಕುಂಡಕ್ಕೆ ಕೆಂಪು ಮಣ್ಣು, ಗೊಬ್ಬರ ಹಾಕಿ ದಿನಾ ಎರಡು ಹೊತ್ತು ನೀರು ಕೊಡುತ್ತಿದ್ದೀರಿ, ಆದರೂ ಎಲೆ ಸುಕ್ಕಾಗುತ್ತಿದೆ ಅಂದಿದ್ದೀರಿ. ಮಣ್ಣು ಬದಲಿಸುವುದಲ್ಲ, ಮಣ್ಣೇ ಬೇಡ. ಇವತ್ತೇ ಗಿಡವನ್ನು ಕುಂಡದಿಂದ ಬಿಡಿಸಿ.

ನಾನೂ ಇದೇ ತಪ್ಪು ಮಾಡಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಹಿತ್ತಲ ಹಲಸಿನ ಮರದ ಕೊಂಬೆ ಗಾಳಿಗೆ ಮುರಿದು ಬಿದ್ದಾಗ, ಅದರಲ್ಲಿದ್ದ ಸೀತಾಳೆಯನ್ನು ಬೆಂಗಳೂರಿಗೆ ತಂದು ಮಣ್ಣಲ್ಲಿ ನೆಟ್ಟೆ. ಎರಡು ತಿಂಗಳಿಗೆ ಎಲೆ ಮುದುಡಿತು. ಕಿತ್ತು ನೋಡಿದರೆ ಬಹುಪಾಲು ಬೇರು ಕಂದು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಬಂತು, ಒಳಗೆ ದಾರದಂಥ ನಾರು ಮಾತ್ರ ಉಳಿದಿತ್ತು. ನೀರು ಹೀರುವ ಬೇರೇ ಕೊಳೆತ ಮೇಲೆ ಎಷ್ಟು ಸುರಿದರೂ ಎಲೆಗೆ ಸೇರುವುದಿಲ್ಲ.

ಇದು ಮರದ ಮೇಲೆ ಬೆಳೆಯುವ ಗಿಡ. ಬಂದಳಿಕೆ ಅಂದುಕೊಂಡು ಕಡಿಯುವವರೂ ಇದ್ದಾರೆ, ಪಾಪ. ಬಂದಳಿಕೆ ಮರದ ಸಾರ ಹೀರುತ್ತದೆ, ಸೀತಾಳೆ ಸುಮ್ನೆ ತೊಗಟೆ ಹಿಡಿದು ಕೂತಿರುತ್ತದೆ. ಅದರ ಬೇರಿಗೆ ಸ್ಪಂಜಿನಂಥ ಪೊರೆ ಇದೆ. ಒಣಗಿದ್ದಾಗ ಬೆಳ್ಳಿಯ ಹಾಗೆ ಬೂದು ಬಿಳಿ. ನೀರು ಚಿಮುಕಿಸಿ ನೋಡಿ, ಕಣ್ಣೆದುರೇ ಹಸಿರಾಗುತ್ತದೆ. ನನಗೆ ನೀರಿನ ಲೆಕ್ಕ ಹೇಳುವುದು ಆ ಬಣ್ಣವೇ. ಬೇರು ಇನ್ನೂ ಹಸಿರಿದ್ದರೆ ಕಾಯುತ್ತೇನೆ, ಬಿಳಿಯಾದರೆ ಕೊಡುತ್ತೇನೆ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಬೇಕಾಗುತ್ತದೆ, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕು. ಎಲೆಗಳ ನಡುವಿನ ಸುಳಿಯಲ್ಲಿ ಮಾತ್ರ ನೀರು ನಿಲ್ಲಬಾರದು. ಬೋರ್‌ವೆಲ್ ನೀರು ಗಡಸು, ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಸಾಧ್ಯವಾದರೆ ಮಳೆನೀರು ಹಿಡಿದಿಡಿ.

ಈಗ ಮಾಡಬೇಕಾದ್ದು. ಬೇರು ತೊಳೆದು, ಕೊಳೆತದ್ದನ್ನೆಲ್ಲ ಕತ್ತರಿಸಿ. ಕತ್ತರಿಯನ್ನು ಮೊದಲು ಬೆಂಕಿಗೆ ಹಿಡಿಯಿರಿ. ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ತೊಗಟೆ ಇರುವ ಮಾವಿನ ಅಥವಾ ಹಲಸಿನ ತುಂಡಿಗೆ ಹತ್ತಿ ದಾರದಿಂದ ಕಟ್ಟಿ. ಗಿಡ ಅಲ್ಲಾಡಬಾರದು, ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಹೋಗುತ್ತದೆ. ದಾರ ಕೊಳೆತು ಹರಿಯುವಷ್ಟರಲ್ಲಿ ಬೇರು ಹಿಡಿದುಕೊಂಡಿರುತ್ತದೆ. ಮರದ ತುಂಡು ಸಿಗದಿದ್ದರೆ ಸಂದಿಯಿರುವ ಬುಟ್ಟಿಗೆ ಇದ್ದಿಲು, ಹೆಂಚಿನ ಚೂರು ಹಾಕಿ ಕೂರಿಸಿ. ತೆಂಗಿನ ನಾರು ಜಾಸ್ತಿ ತುಂಬಬೇಡಿ.

ಬೆಳಕಿನ ವಿಷಯ: ಪೂರ್ವದ ಬಾಲ್ಕನಿ, ಬೆಳಗಿನ ಬಿಸಿಲು ಒಳ್ಳೆಯದು. ಎಲೆ ಕಡು ಹಸಿರಾದರೆ ಬೆಳಕು ಸಾಲದು ಅಂತ ಅರ್ಥ, ಹೂ ಬರಲ್ಲ. ತಿಳಿ ಹಸಿರಿರಬೇಕು. ಹೊಸ ಬೇರು ಬಂದ ಮೇಲಷ್ಟೇ ಗೊಬ್ಬರ, ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಹದಿನೈದು ದಿನಕ್ಕೊಮ್ಮೆ.

ಇನ್ನೊಂದು ಕಾಡಿಂದ ತರಬಹುದಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇಲ್ಲ. ಒಂದು ಜಾತಿ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಹಾಗಾಗಿ ಕಿತ್ತ ಜಾಗದಲ್ಲಿ ಮತ್ತೊಂದು ಬರುವುದು ಸುಲಭವಲ್ಲ. ಲ್ಯಾಬಿನಲ್ಲಿ ಬೆಳೆಸಿದ ಸಸಿ ಕೇಳಿ ಕೊಳ್ಳಿ. ಅಸ್ಸಾಮಿನ ರಾಜ್ಯಪುಷ್ಪವೂ ಇದೇ, ಅಲ್ಲಿ ಕೊಪೌ ಫೂಲ್ ಅನ್ನುತ್ತಾರೆ, ಬಿಹು ಕುಣಿತಕ್ಕೆ ಮುಡಿಯುತ್ತಾರೆ.

ಒಂದೇ ಒಂದು ಗಟ್ಟಿ ಬೇರು ಉಳಿದಿದ್ದರೂ ಗಿಡ ಎಸೆಯಬೇಡಿ. ನನ್ನದರಲ್ಲಿ ಉಳಿದದ್ದು ಎರಡು. ಮಳೆ ಶುರುವಾದಾಗ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ತುದಿ ಇಣುಕಿತು. ಹೂವಿಗೆ ಮೂರು ವರ್ಷ ಕಾಯಬೇಕಾಯಿತು. ಮೇ ಕೊನೆಯಲ್ಲಿ ಗೇಣುದ್ದದ ದಂಡೆ ಇಳಿಬಿದ್ದಿತ್ತು, ಬಿಳಿ ಹೂವಿನ ತುಂಬ ನೇರಳೆ ಚುಕ್ಕಿ.